ಕಥೆಗೆ ರೂಮ್ ಹಾಕಲೇಬೇಕೇ?

ಹೊಸ ಸಿನಿಮಾ ಎಂದರೆ ಗಾಂಧಿನಗರದ ಲಾಡ್ಜಿನಲ್ಲೊಂದು ರೂಮ್ ಹಾಕಬೇಕು, ಕಾಫಿ ತರಿಸಬೇಕು, ‘ಸ್ಟೋರಿ ಡಿಸ್ಕಷನ್’ಗೆ ಕೂರಬೇಕು. ಕನ್ನಡ ಚಿತ್ರರಂಗದ ಹಳೆಯ ವಾಡಿಕೆ ಇದು. ಕಥೆಯ ಬಗೆಗಿನ ಹಲವು ನಂಬಿಕೆಗಳೂ ಇದರ ಜೊತೆಗೇ ಬೆಳೆದಿವೆ.

ನಂಬಿಕೆ: ನಾಲ್ಕು ಗೋಡೆಗಳ ನಡುವೆ ಕೂತು ತಲೆ ಕೆರೆದುಕೊಂಡರೆ ಕಥೆ ಹೊಳೆಯುತ್ತದೆ.

ಸತ್ಯ: ಪವನ್ ಕುಮಾರ್ ಅವರ ‘ಯು ಟರ್ನ್’ (2016) ಚಿತ್ರಕ್ಕೆ ಎಳೆ ಸಿಕ್ಕಿದ್ದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ. ಸುತ್ತಿ ಬರುವ ಬೇಸರಕ್ಕೆ ಬೈಕ್ ಸವಾರರು ಡಿವೈಡರ್ ಕಲ್ಲುಗಳನ್ನು ಸರಿಸಿ ಅಲ್ಲೇ ತಿರುಗಿಸಿಕೊಳ್ಳುತ್ತಿದ್ದರು. ಸರಿಸಿದ ಕಲ್ಲು ರಸ್ತೆಯಲ್ಲೇ ಉಳಿಯುತ್ತಿತ್ತು, ಹಿಂದೆ ಬರುವವರ ಪಾಡು ಅವರದು. ದಿನಾ ಸಾವಿರಾರು ಜನ ಕಂಡ ನೋಟವದು.

ನಂಬಿಕೆ: ಒನ್‌ಲೈನ್ ಸಿಕ್ಕರೆ ಸಿನಿಮಾ ಸಿಕ್ಕಂತೆ.

ಸತ್ಯ: ಒನ್‌ಲೈನ್ ಕೊಡುವುದು ಪ್ರಶ್ನೆಯನ್ನಷ್ಟೇ. ಅದರ ಬೆನ್ನು ಹತ್ತಲು ಒಬ್ಬರು ಬೇಕು, ಹತ್ತಲು ಕಾರಣವೂ ಬೇಕು. ‘ಯು ಟರ್ನ್’ನಲ್ಲಿ ಆ ಕೆಲಸ ರಚನಾಳದು. ಶ್ರದ್ಧಾ ಶ್ರೀನಾಥ್ ನಟಿಸಿದ ಈ ಹುಡುಗಿ ‘ದಿ ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಇಂಟರ್ನ್. ವರದಿಗಾರ್ತಿಯಾದ್ದರಿಂದ ಗುರುತಿಲ್ಲದವರ ಮನೆಯ ಬಾಗಿಲನ್ನೂ ತಟ್ಟಬಲ್ಲಳು. ಇಂಟರ್ನ್ ಆದ್ದರಿಂದ ಪೊಲೀಸರು ಅನುಮಾನಪಟ್ಟರೆ ಬೆನ್ನಿಗೆ ನಿಲ್ಲುವ ವಶೀಲಿ ಇಲ್ಲ. ಪಾತ್ರದ ಉದ್ಯೋಗ ಅಲಂಕಾರವಲ್ಲ, ದೃಶ್ಯದಿಂದ ದೃಶ್ಯಕ್ಕೆ ಕಥೆಯನ್ನು ದಾಟಿಸುವುದೇ ಅದು.

ನಂಬಿಕೆ: ಮೊದಲು ಕಥೆ, ಆಮೇಲೆ ಪಾತ್ರ.

ಸತ್ಯ: ಎರಡೂ ಕ್ರಮ ಉಂಟು. ‘ತಿಥಿ’ಗೆ ರಾಮ್ ರೆಡ್ಡಿ ಮತ್ತು ಈರೇಗೌಡ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಮೊದಲು ಜನರನ್ನು ಕಂಡುಕೊಂಡರು. ಗಡ್ಡಪ್ಪ, ಸೆಂಚುರಿ ಗೌಡರಂಥವರ ನಡೆನುಡಿಗೆ ಹೊಂದುವಂತೆ ಚಿತ್ರಕಥೆ ಬೆಳೆಯಿತು. ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗೆ, ಅಷ್ಟೇ ಅದರ ಕಾಲಾವಧಿ. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು.

ನಂಬಿಕೆ: ಒಳ್ಳೆಯ ಕಾದಂಬರಿ ಕೈಲಿದ್ದರೆ ಚಿತ್ರಕಥೆ ಮುಕ್ಕಾಲು ಮುಗಿದಂತೆ.

ಸತ್ಯ: ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಕಟ್ಟಿದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನು ಒಂದೇ ಚಿತ್ರಕ್ಕೆ ಇಳಿಸುವಾಗ ಕೈಬಿಡುವುದೇ ದೊಡ್ಡ ಕೆಲಸ. ಚಿತ್ರ ಭರ್ಜರಿಯಾಗಿ ಗೆದ್ದಿತು. ಕಾದಂಬರಿಕಾರರಿಗೆ ಮಾತ್ರ ಸಮಾಧಾನವಾಗಲಿಲ್ಲ.

ನಂಬಿಕೆ: ನಮ್ಮ ಬೀದಿಯ ಕಥೆ ನಮ್ಮ ಬೀದಿಗಷ್ಟೇ.

ಸತ್ಯ: ಡಬಲ್ ರೋಡಿನ ಆ ಕಲ್ಲುಗಳು ಮಲಯಾಳಂ, ತಮಿಳು, ತೆಲುಗು, ಹಿಂದಿಗೆ ಹೋದವು. 2020ರಲ್ಲಿ ಫಿಲಿಪ್ಪೀನ್ಸಿನಲ್ಲೂ ಅದೇ ‘ಯು ಟರ್ನ್’ ತೆರೆಗೆ ಬಂತು.

ಚಿತ್ರಕಥೆ ಬರೆಯಬೇಕೆಂದು ರಜೆ ಹಾಕಿದವರು ರೂಮ್ ಬುಕ್ ಮಾಡುವ ಮುಂಚೆ ಶಿವಾಜಿನಗರ ಬಸ್ ನಿಲ್ದಾಣದಿಂದ ಹಲಸೂರು ಕೆರೆಯವರೆಗೆ ಒಮ್ಮೆ ನಡೆದುಕೊಂಡು ಹೋಗಿ ಬರಲಿ. ಖರ್ಚೂ ಕಡಿಮೆ.