ಸೋಲನ್ನೂ ಲೆಕ್ಕಕ್ಕಿಟ್ಟ ಸರ್ಜನ್

ಹುಟ್ಟಿ ವಾರವಾದ ಮಗುವಿನ ಹೃದಯ ಹೆಚ್ಚೆಂದರೆ ಹಸಿ ಅಡಿಕೆಕಾಯಿಯಷ್ಟು. ಆ ಹೃದಯಕ್ಕೇ ರಕ್ತ ಉಣಿಸುವ ಕರೋನರಿ ನಾಳಗಳ ಅಗಲ ಒಂದೂವರೆ ಮಿಲಿಮೀಟರ್ ಮುಟ್ಟುವುದೂ ಕಷ್ಟ. ಅವನ್ನು ಬುಡಸಮೇತ ಕತ್ತರಿಸಿ ತೆಗೆದು, ಪಕ್ಕದ ಇನ್ನೊಂದು ನಾಳಕ್ಕೆ ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯಬೇಕು. ಕಣ್ಣಿಗೆ ಲೂಪ್ ಎಂಬ ಹಿಗ್ಗಿಸಿ ತೋರಿಸುವ ಕನ್ನಡಕ ಏರಿಸಿಕೊಂಡೇ ಈ ಕೆಲಸ. ಹೊಲಿದ ನಾಳ ಒಂಚೂರು ತಿರುಚಿದರೂ ಎಳೆದಂತಾದರೂ, ಹೃದಯ-ಶ್ವಾಸಕೋಶ ಯಂತ್ರದಿಂದ ಬಿಡಿಸಿದ ಕೂಡಲೇ ಹೃದಯ ಸೋಲುತ್ತದೆ.

ಇದಕ್ಕೆ ಆರ್ಟೀರಿಯಲ್ ಸ್ವಿಚ್ ಎನ್ನುತ್ತಾರೆ. ಕೆಲವು ಮಕ್ಕಳಿಗೆ ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಹುಟ್ಟುವಾಗಲೇ ಅದಲುಬದಲಾಗಿರುತ್ತವೆ. ಶ್ವಾಸಕೋಶಕ್ಕೆ ಹೋಗಬೇಕಾದ ಕೆಟ್ಟ ರಕ್ತ ಮತ್ತೆ ಮೈಗೇ ಹೋಗುತ್ತದೆ, ಮಗು ನೀಲಿಗಟ್ಟುತ್ತದೆ. ಸರಿಪಡಿಸಲು ಸಿಗುವ ಸಮಯವೂ ಕಡಿಮೆ. ಎಡಗೋಣೆಗೆ ಕೆಲಸ ಕಡಿಮೆಯಾಗಿ ಅದರ ಗೋಡೆ ದಿನೇ ದಿನೇ ತೆಳುವಾಗುತ್ತದೆ. ಕೆಲವು ವಾರ ಕಳೆದರೆ ಇಡೀ ಮೈಗೆ ರಕ್ತ ನೂಕುವ ತ್ರಾಣ ಅದಕ್ಕೆ ಉಳಿಯದಿರಬಹುದು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಅಡಿಬ್ ಜಟೇನೆ 1975ರಲ್ಲಿ ಈ ಆಪರೇಷನ್ ಮೊದಲ ಸಲ ಮಾಡಿ ಗೆದ್ದರು. ಅದನ್ನು ಕಲಿಯಲು ಜಗತ್ತಿನ ಸರ್ಜನ್‌ಗಳಿಗೆ ಇನ್ನೂ ಹತ್ತು ಹದಿನೈದು ವರ್ಷ ಹಿಡಿಯಿತು.

ಹಾಗೆ ಕಲಿತವರಲ್ಲಿ ಒಬ್ಬರು ಮಾರ್ಕ್ ಡಿ ಲೆವಾಲ್. ಬೆಲ್ಜಿಯಂನವರು, ಬದುಕಿನ ಬಹುಭಾಗ ದುಡಿದದ್ದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಆದರೆ ಅವರ ಕೆಲಸ ಬೆಂಗಳೂರಿನ ಮಕ್ಕಳ ಹೃದ್ರೋಗ ವಾರ್ಡುಗಳಲ್ಲಿ ದಿನಬಳಕೆಯಲ್ಲಿದೆ. ಜಯದೇವದಲ್ಲಾಗಲಿ ನಾರಾಯಣ ಹೃದಯಾಲಯದಲ್ಲಾಗಲಿ, ನೀಲಿಗಟ್ಟಿದ ಕೂಸಿನ ತಾಯಿಗೆ ‘ಮೊದಲು ಒಂದು ಬಿ.ಟಿ. ಶಂಟ್ ಹಾಕೋಣ, ದೊಡ್ಡ ಆಪರೇಷನ್ ಆಮೇಲೆ ನೋಡೋಣ’ ಎಂದು ಡಾಕ್ಟರು ಹೇಳಿದರೆ, ಅವರ ಮನಸ್ಸಿನಲ್ಲಿರುವುದು ಬಹುತೇಕ ಡಿ ಲೆವಾಲ್ ತಿದ್ದಿಕೊಟ್ಟ ಶಂಟ್.

ಮೂಲ ಶಂಟ್ ಹುಟ್ಟಿದ್ದು 1944ರ ನವೆಂಬರ್ 29ರಂದು, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಕಲ್ಪನೆ ಮಕ್ಕಳ ಹೃದಯತಜ್ಞೆ ಹೆಲೆನ್ ಟೌಸಿಗ್ ಅವರದು, ಕತ್ತಿ ಆಲ್‌ಫ್ರೆಡ್ ಬ್ಲಲಾಕ್ ಅವರದು. ನಾಯಿಗಳ ಮೇಲೆ ಪ್ರಯೋಗ ನಡೆಸಿ ಹೊಲಿಗೆಯ ವಿಧಾನ ರೂಢಿಸಿದ್ದು ವಿವಿಯನ್ ಥಾಮಸ್, ಡಿಗ್ರಿಯಿಲ್ಲದ ಕಪ್ಪು ಜನಾಂಗದ ಲ್ಯಾಬ್ ಸಹಾಯಕ. ಆ ದಿನ ಅವರು ಬ್ಲಲಾಕ್ ಬೆನ್ನ ಹಿಂದೆ ನಿಂತು ಹೆಜ್ಜೆಹೆಜ್ಜೆಗೂ ಹೇಳಿಕೊಟ್ಟರು. ಬ್ಲಲಾಕ್-ಟೌಸಿಗ್, ಅಂದರೆ ಬಿ.ಟಿ. ಎಂಬ ಆಪರೇಷನ್ನಿನ ಹೆಸರಿನಲ್ಲಿ ಮಾತ್ರ ಬಹುಕಾಲ ಅವರಿಗೆ ಜಾಗ ಸಿಗಲಿಲ್ಲ. ತೋಳಿಗೆ ಹೋಗುವ ರಕ್ತನಾಳವನ್ನು ಕತ್ತರಿಸಿ ಶ್ವಾಸಕೋಶದ ನಾಳಕ್ಕೆ ತಿರುಗಿಸುವುದು ಆ ವಿಧಾನ. 1981ರಲ್ಲಿ ಡಿ ಲೆವಾಲ್ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು: ತೋಳಿನ ನಾಳ ಅದರ ಪಾಡಿಗಿರಲಿ, ನಡುವೆ ಗೋರ್‌ಟೆಕ್ಸ್‌ನ ಸಣ್ಣ ಕೊಳವೆ ಜೋಡಿಸಿ. ಕೊಳವೆಯ ಅಗಲ ನಿಗದಿಯಾಗಿರುವುದರಿಂದ ಎಷ್ಟು ರಕ್ತ ಹರಿಯಬೇಕೆಂಬುದನ್ನು ಮೊದಲೇ ಅಂದಾಜಿಸಬಹುದು.

ಒಂದೇ ಕೋಣೆ ಸರಿಯಾಗಿ ಬೆಳೆದ ಹೃದಯಗಳಿಗೆ ಫ್ರಾನ್ಸ್‌ನ ಸರ್ಜನ್ ಫೋಂಟನ್, ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಹರಿಸುವ ಒಂದು ಆಪರೇಷನ್ ಕಂಡುಹಿಡಿದಿದ್ದರು. ಡಿ ಲೆವಾಲ್ ಅದನ್ನೂ ತಿದ್ದಿದರು. ನೀರಿನ ಹರಿವಿನ ಪ್ರಯೋಗ ಮಾಡಿ, ನಡುವೆ ಬಡಿಯುವ ಕೋಣೆ ಇದ್ದರೆ ರಕ್ತದ ಹರಿವಿನ ಶಕ್ತಿ ಸುಮ್ಮನೆ ಪೋಲಾಗುತ್ತದೆ, ನೇರ ಕಾಲುವೆಯೇ ಮೇಲು ಎಂದು 1988ರಲ್ಲಿ ತೋರಿಸಿದರು. ಇಷ್ಟೇ ಆಗಿದ್ದರೂ ಪಠ್ಯಪುಸ್ತಕದಲ್ಲಿ ಅವರ ಹೆಸರು ಉಳಿಯುತ್ತಿತ್ತು.

ನನಗೆ ದೊಡ್ಡದೆನಿಸುವುದು 1994ರಲ್ಲಿ ಅವರು ಬರೆದ ಒಂದು ಪ್ರಬಂಧ. ತಾವೊಬ್ಬರೇ ಸಾಲಾಗಿ ಮಾಡಿದ 104 ಆರ್ಟೀರಿಯಲ್ ಸ್ವಿಚ್‌ಗಳ ಲೆಕ್ಕವನ್ನು ಅದರಲ್ಲಿ ಬಿಚ್ಚಿಟ್ಟರು. ಮೊದಲ 52 ಮಕ್ಕಳಲ್ಲಿ ತೀರಿಕೊಂಡದ್ದು ಒಂದೇ. ಆಮೇಲಿನ ಹದಿನೈದಿಪ್ಪತ್ತು ಮಕ್ಕಳಲ್ಲಿ ಸಾವುಗಳು ಗುಂಪಾಗಿ ಬಂದವು. ಅದೇ ಕೈ, ಅದೇ ಆಸ್ಪತ್ರೆ. ‘ಕೇಸುಗಳೇ ಕಷ್ಟದವು’, ‘ಗ್ರಹಚಾರ’ ಎಂದು ಯಾರಾದರೂ ಸುಮ್ಮನಾಗಬಹುದಿತ್ತು. ಇವರು ಕಾರ್ಖಾನೆಗಳಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವ ಕ್ಯುಸಮ್ ಎಂಬ ಗಣಿತವನ್ನು ತಂದು ತಮ್ಮ ಕೆಲಸಕ್ಕೇ ಹಚ್ಚಿ ನೋಡಿದರು. ಇದು ಬರೀ ಆಕಸ್ಮಿಕವಲ್ಲ, ತಮ್ಮ ವಿಧಾನದಲ್ಲೇ ಏನೋ ಎಡವಟ್ಟಾಗಿದೆ ಎಂಬ ಅನುಮಾನ ಬಲವಾದ ಮೇಲೆ, ಫಲಿತಾಂಶ ಚೆನ್ನಾಗಿದ್ದ ಬೇರೊಂದು ಕೇಂದ್ರಕ್ಕೆ ಹೋಗಿ ಮತ್ತೆ ಕಲಿತು ಬಂದರು. ಸಾವುಗಳ ಸಾಲು ನಿಂತಿತು. ಜಗತ್ತೇ ಹೆಸರು ಹೇಳುವ ಸರ್ಜನ್ ಮತ್ತೆ ವಿದ್ಯಾರ್ಥಿಯಾಗುವುದು, ಹಾಗಾದೆನೆಂದು ಅಚ್ಚು ಹಾಕಿಸುವುದು, ಆ ವೃತ್ತಿಯಲ್ಲಿ ಸಣ್ಣ ಮಾತಲ್ಲ.

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಅದೇ ದೇಶದಲ್ಲೇ ಇತ್ತು. ಬ್ರಿಸ್ಟಲ್ ರಾಯಲ್ ಇನ್‌ಫರ್ಮರಿಯಲ್ಲಿ ಹೃದಯದ ಆಪರೇಷನ್ ಆದ ಕೂಸುಗಳು ಬೇರೆಡೆಗಿಂತ ಹೆಚ್ಚು ಸಾಯುತ್ತಿದ್ದವು. ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ಅಂಕಿಅಂಶ ಹಿಡಿದು ವರ್ಷಗಟ್ಟಲೆ ಹೇಳಿದರೂ ಮೇಲಿನವರು ಕಿವಿಗೊಡಲಿಲ್ಲ. 1995ರಲ್ಲಿ ಒಂದು ಸ್ವಿಚ್ ಆಪರೇಷನ್ನಿನ ಮಗು ತೀರಿಕೊಂಡ ಮೇಲೆ, ಪರಿಶೀಲನೆಗೆ ಹೊರಗಿನಿಂದ ಕರೆಸಿಕೊಂಡ ಇಬ್ಬರಲ್ಲಿ ಡಿ ಲೆವಾಲ್ ಒಬ್ಬರು. 2001ರಲ್ಲಿ ಬಂದ ಸಾರ್ವಜನಿಕ ವಿಚಾರಣೆಯ ವರದಿಯ ಪ್ರಕಾರ, 1991ರಿಂದ 1995ರ ನಡುವೆ ಅಲ್ಲಿ ವರ್ಷ ತುಂಬದ 30ರಿಂದ 35 ಮಕ್ಕಳು ನಿರೀಕ್ಷೆಗಿಂತ ಹೆಚ್ಚಾಗಿ ಸತ್ತಿದ್ದರು.

ಡಿ ಲೆವಾಲ್ ಅಷ್ಟಕ್ಕೇ ನಿಲ್ಲಲಿಲ್ಲ. ಬ್ರಿಟನ್ನಿನ 16 ಕೇಂದ್ರಗಳ ಆಪರೇಷನ್ ಥಿಯೇಟರುಗಳಲ್ಲಿ ವೀಕ್ಷಕರನ್ನು ಕೂರಿಸಿ 243 ಸ್ವಿಚ್ ಆಪರೇಷನ್‌ಗಳಲ್ಲಿ ಎಲ್ಲೆಲ್ಲಿ ತಪ್ಪಾಯಿತೆಂದು ಬರೆಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಯಾರೂ ಎಣಿಸಿದಂತಿರಲಿಲ್ಲ. ದೊಡ್ಡ ಎಡವಟ್ಟಾದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಎಲ್ಲರೂ ಸೇರಿ ಸರಿಪಡಿಸುತ್ತಾರೆ. ಕೇಳಿದ ಉಪಕರಣದ ಬದಲು ಇನ್ನೊಂದು ಕೈಗೆ ಬರುವುದು, ಹೇಳಿದ ಮಾತು ಅರ್ಧ ಕೇಳುವುದು ಇಂಥ ಚಿಲ್ಲರೆ ತಪ್ಪುಗಳನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅವು ಒಂದರ ಮೇಲೊಂದು ಪೇರಿಸಿಕೊಂಡು ಮಗುವಿಗೆ ಅಪಾಯ ತರುತ್ತವೆ.

ಆಪರೇಷನ್ ಮುಗಿಸಿ ಮಗುವನ್ನು ಐಸಿಯುಗೆ ಒಪ್ಪಿಸುವ ಹೊತ್ತು ಇಂಥ ತಪ್ಪುಗಳ ಸಂತೆ. ವೆಂಟಿಲೇಟರ್, ಔಷಧಿ ಪಂಪುಗಳು, ಡ್ರೈನುಗಳು, ಮಾನಿಟರಿನ ವೈರುಗಳು ಎಲ್ಲವನ್ನೂ ಒಂದೆಡೆ ಬಿಚ್ಚಿ ಇನ್ನೊಂದೆಡೆ ಜೋಡಿಸುವಾಗಲೇ ಮೂರು ಜನ ಮೂರು ಮಾತಾಡುತ್ತಿರುತ್ತಾರೆ. ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಸರ್ಜನ್ ಮಾರ್ಟಿನ್ ಎಲಿಯಟ್ ಮತ್ತು ಐಸಿಯುವಿನ ಅಲನ್ ಗೋಲ್ಡ್‌ಮನ್ ಒಮ್ಮೆ ದಣಿದು ಟಿ.ವಿ. ಮುಂದೆ ಕುಳಿತಾಗ ಫಾರ್ಮುಲಾ ಒನ್ ರೇಸ್ ಬರುತ್ತಿತ್ತು. ಕಾರು ನಿಂತ ಕೆಲವೇ ಸೆಕೆಂಡುಗಳಲ್ಲಿ ತುಟಿ ಬಿಚ್ಚದೆ ನಾಲ್ಕೂ ಚಕ್ರ ಬದಲಿಸುವ ಆಳುಗಳನ್ನು ಕಂಡು ಫೆರಾರಿ ತಂಡವನ್ನೇ ಸಂಪರ್ಕಿಸಿದರು. ಯಾರು ಎಲ್ಲಿ ನಿಲ್ಲಬೇಕು, ಯಾರ ಮಾತು ಅಂತಿಮ, ಉಪಕರಣ ಜೋಡಿಸುವಾಗ ಬಾಯಿ ಬಿಗಿಹಿಡಿಯುವುದು, ಆಮೇಲೆ ಪಟ್ಟಿ ನೋಡಿ ಹೇಳುವುದು, ಹೀಗೊಂದು ಕ್ರಮ ರೂಪಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಲೇಖಕರಲ್ಲಿ ಡಿ ಲೆವಾಲ್ ಕೂಡ ಇದ್ದರು. ತಪ್ಪುಗಳೂ ಹೇಳಲು ಮರೆತ ವಿಷಯಗಳೂ ಸ್ಪಷ್ಟವಾಗಿ ಕಡಿಮೆಯಾಗಿದ್ದವು.

ನಮ್ಮಲ್ಲಿ ಮಕ್ಕಳ ಹೃದಯದ ಸರ್ಜನ್ ಆಗಲು ಹೊರಟವರಿಗೆ ಎಂಬಿಬಿಎಸ್ ಆದ ಮೇಲೆ ಎಂ.ಎಸ್.ಗೆ ಮೂರು ವರ್ಷ, ಎದೆ ಮತ್ತು ಹೃದಯದ ಸರ್ಜರಿಯ ಎಂ.ಸಿ.ಹೆಚ್.ಗೆ ಇನ್ನೂ ಮೂರು, ಆನಂತರ ಮಕ್ಕಳ ಹೃದಯಕ್ಕೆಂದೇ ಫೆಲೋಶಿಪ್. ಸ್ವತಂತ್ರವಾಗಿ ಕತ್ತಿ ಹಿಡಿಯುವ ಹೊತ್ತಿಗೆ ಮೂವತ್ತೈದು ದಾಟಿರುತ್ತದೆ. ಡಾಕ್ಟರನ್ನು ದೇವರೆನ್ನುವ ರೂಢಿಯೂ ನಮ್ಮದೇ. ಆಸ್ಪತ್ರೆಗಳ ಫಲಕದಲ್ಲಿ ಎಷ್ಟು ಸಾವಿರ ಆಪರೇಷನ್ ಆಯಿತೆಂದು ದೊಡ್ಡಕ್ಷರದಲ್ಲಿರುತ್ತದೆ. ಅದರಲ್ಲಿ ಕೈಕೊಟ್ಟವೆಷ್ಟು ಎಂಬುದನ್ನು ಫಲಕದಲ್ಲಿ ನಾನಂತೂ ಕಂಡಿಲ್ಲ. ಫೆಲೋಶಿಪ್ ಹುಡುಕುವ ಹುಡುಗ ಹುಡುಗಿಯರು ವರ್ಷಕ್ಕೆ ಎಷ್ಟು ಕೇಸು ಸಿಗುತ್ತದೆಂದು ತಪ್ಪದೆ ವಿಚಾರಿಸುತ್ತಾರೆ. ಅಲ್ಲಿ ಸಾವುಗಳನ್ನು ಪರಿಶೀಲಿಸುವ ಮಾರ್ಟಾಲಿಟಿ ಮೀಟಿಂಗ್ ನಡೆಯುತ್ತದೆಯೇ, ನಡೆದರೆ ಹಿರಿಯ ಸರ್ಜನ್ ತನ್ನ ಕೇಸನ್ನೂ ಅದರಲ್ಲಿ ಇಡುತ್ತಾನೆಯೇ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.