ಗಂಟು ರೋಗದ ಅಣುಜೀವಿಯೂ ಅದರ ಬಳಗವೂ

ರೇಷ್ಮೆ ಹುಳುವಿಗೆ ತಗಲುವ ರೋಗಗಳಲ್ಲಿ ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ಎಂಬ ನಾಲ್ಕು ಮುಖ್ಯವಾದವು. ಇವುಗಳಲ್ಲಿ ಗಂಟು ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕ ಮುಂದಿನ ಪೀಳಿಗೆಗೆ ಇಳಿಯತಕ್ಕದ್ದು. ಆದಕಾರಣ ಅದು ಒಂದು ಮನೆಯ ಬೆಳೆಯನ್ನಷ್ಟೇ ಅಲ್ಲ, ಬಿತ್ತನೆಯನ್ನೇ ಕೆಡಿಸುವುದು. ಫ್ರಾನ್ಸ್ ದೇಶದಲ್ಲಿ 1853ರಲ್ಲಿ ಸುಮಾರು 260 ಲಕ್ಷ ಕಿಲೋಗ್ರಾಂ ಇದ್ದ ಗೂಡಿನ ಉತ್ಪತ್ತಿಯು 1865ರ ವೇಳೆಗೆ 40 ಲಕ್ಷಕ್ಕೆ ಇಳಿದುದಕ್ಕೆ ಈ ರೋಗವೇ ಮುಖ್ಯ ಕಾರಣವಾಗಿದ್ದಿತು.

ಈ ರೋಗದ ಅಣುಜೀವಿಗೆ 1857ರಲ್ಲಿ ನೇಗೆಲಿ ಎಂಬ ಪಂಡಿತನು ನೊಸೀಮಾ ಬಾಂಬಿಸಿಸ್ ಎಂದು ಹೆಸರಿಟ್ಟು, ಅದನ್ನು ಬೂಷ್ಟಿನಂಥ ಜೀವಿಗಳ ಜೊತೆಗೆ ಸೇರಿಸಿದನು. 1882ರಲ್ಲಿ ಬಾಲ್ಬಿಯಾನಿ ಎಂಬವನು ಮೈಕ್ರೊಸ್ಪೊರಿಡಿಯಾ ಎಂಬ ಪ್ರತ್ಯೇಕ ಗುಂಪನ್ನು ಕಲ್ಪಿಸಿದನು. ಅನಂತರದವರು ಬಹುಕಾಲ ಅದನ್ನು ಏಕಕೋಶ ಪ್ರಾಣಿಗಳ ಸಾಲಿನಲ್ಲಿಯೇ ಇಟ್ಟಿದ್ದರು. ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಾ ಎಂಬ ಅಂಗವು ಇದರಲ್ಲಿ ಕಾಣಬರಲಿಲ್ಲವಾಗಿ, ಆ ಅಂಗವು ಹುಟ್ಟುವುದಕ್ಕೆ ಮೊದಲೇ ಕವಲೊಡೆದ ಅತಿ ಪುರಾತನ ವಂಶವಿದು ಎಂಬ ವಾದವು 1983ರಲ್ಲಿ ಹೊರಟಿತು.

ಪಟೇಲರಿಗೆ ಇದರಲ್ಲಿರುವ ತೊಡಕು ಬೇಗನೆ ಹೊಳೆಯುವುದು. ಪರರ ಮನೆಯಲ್ಲಿ ಉಂಡು ಬಾಳುವ ಒಬ್ಬನಿಗೆ ಈಗ ಗೇಣು ಜಮೀನಿಲ್ಲವೆಂದ ಮಾತ್ರಕ್ಕೆ ಅವನ ವಂಶಕ್ಕೆ ಎಂದೂ ಜಮೀನಿರಲಿಲ್ಲವೆಂದು ಹೇಳಬಹುದೆ? ಹಳೆಯ ಕಡತ ತೆಗೆದು ನೋಡಬೇಕು. ಅಣುಜೀವಿಗಳ ಕಡತವೆಂದರೆ ಅವುಗಳ ವಂಶವಾಹಿಗಳೇ. 1990ರ ದಶಕದಲ್ಲಿ ಅವನ್ನು ಪರೀಕ್ಷಿಸಿದಾಗ ಈ ಗುಂಪು ಶಿಲೀಂಧ್ರಗಳ, ಅಂದರೆ ಬೂಷ್ಟುಗಳ, ಹತ್ತಿರದ ನೆಂಟನೆಂದು ತೋರಿಬಂದಿತು. 2002ರಲ್ಲಿ ಇದೇ ಗುಂಪಿನ ಮತ್ತೊಂದು ಜೀವಿಯಲ್ಲಿ ಆ ಅಂಗದ ಕುಗ್ಗಿದ ಅವಶೇಷವೂ ದೊರೆಯಿತು. ಪರಾವಲಂಬನದಿಂದ ಇದ್ದುದನ್ನು ಕಳೆದುಕೊಂಡ ವಂಶವಿದು, ಮೊದಲಿನಿಂದ ಬರಿಗೈಯದಲ್ಲ. ನೇಗೆಲಿಯ ಊಹೆಯು ಪೂರ್ತಿ ಸರಿಯಲ್ಲದಿದ್ದರೂ ಅನಂತರದವರದಕ್ಕಿಂತ ಸತ್ಯಕ್ಕೆ ಹತ್ತಿರವಾಗಿದ್ದುದು ವಿನೋದವೇ ಸರಿ.

ಹೀಗಾಗಿ ಗಂಟು ರೋಗಕ್ಕೂ ಸುಣ್ಣಕಟ್ಟು ರೋಗಕ್ಕೂ ದೂರದ ನಂಟುಂಟು. ಸುಣ್ಣಕಟ್ಟಿಗೆ ಕಾರಣವಾದ ಬ್ಯೂವೇರಿಯಾ ನಿಜವಾದ ಶಿಲೀಂಧ್ರ. ಇಟಲಿಯ ಬಾಸ್ಸಿಯು 1835ರಲ್ಲಿ ಈ ರೋಗದ ಮೂಲವನ್ನು ತೋರಿಸಿಕೊಟ್ಟನು. ಹಾಲುತೊಂಡೆಯಾದರೋ ವೈರಸ್ಸಿನಿಂದ ಬರುವುದು. ಅದು ಈ ಬಳಗದ್ದೇ ಅಲ್ಲ. ಆದರೆ ನೆಂಟರೆಂದ ಮಾತ್ರಕ್ಕೆ ಎರಡಕ್ಕೂ ಒಂದೇ ಮದ್ದೆಂದು ಭಾವಿಸಲಾಗದು. ಸುಣ್ಣಕಟ್ಟು ತೇವದ ಹವೆಯಲ್ಲಿ ಹುಳುವಿನ ಚರ್ಮವನ್ನು ಕೊರೆದು ಒಳಹೊಗುವುದು. ತಟ್ಟೆಗೆ ಸುಣ್ಣದ ಪುಡಿ ಎರಚಿ ಹಾಸನ್ನು ಒಣಗಿಸಿದರೆ ಬಹುಮಟ್ಟಿಗೆ ತಡೆಯಬಹುದು. ಗಂಟಿನ ಬೀಜಕಣವು ಸೊಪ್ಪಿನೊಡನೆ ಹೊಟ್ಟೆಯನ್ನು ಸೇರಿ, ಅಲ್ಲಿ ತನ್ನೊಳಗೆ ಸುರುಳಿ ಸುತ್ತಿಕೊಂಡಿರುವ ನೂಲಿನಂಥ ಕೊಳವೆಯನ್ನು ಥಟ್ಟನೆ ಚಿಮ್ಮಿ, ಅದರ ಮೂಲಕ ಜೀವಕೋಶದೊಳಗೆ ಇಳಿಯುವುದು. ಮೊಟ್ಟೆಯಲ್ಲಿಯೇ ಬಂದುದಕ್ಕಂತೂ ಸುಣ್ಣವು ಏನು ಮಾಡೀತು?

ಹತ್ತಿರದ ದಾಯಾದಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತುಡುವೆ ಜೇನಿನಲ್ಲಿ 1996ರಲ್ಲಿ ಗುರುತಿಸಲ್ಪಟ್ಟ ನೊಸೀಮಾ ಸೆರಾನೆ ಯೂರೋಪಿನ ಜೇನಿಗೂ ದಾಟಿ ಹಲವು ದೇಶಗಳಿಗೆ ಹಬ್ಬಿದೆ. ಅಂತೆಯೇ ತೋಟದ ಸೊಪ್ಪು ತಿನ್ನುವ ಕಾಡುಹುಳುಗಳಲ್ಲಿರುವ ಈ ಗುಂಪಿನ ಕೆಲವು ಜೀವಿಗಳು ರೇಷ್ಮೆ ಹುಳುವಿಗೂ ತಗಲಬಲ್ಲವು. ಹಿಪ್ಪುನೇರಳೆ ತೋಟದಲ್ಲಿ ಕಂಬಳಿಹುಳು ಮುಂತಾದವನ್ನು ಬೆಳೆಯಗೊಡಬಾರದು. ಅವುಗಳ ಹಿಕ್ಕೆ ಬಿದ್ದ ಸೊಪ್ಪನ್ನು ಹುಳುವಿಗೆ ಹಾಕಕೂಡದು.

ಮುಖ್ಯ ಉಪಾಯವು ಪಾಶ್ಚರನು 1865ರಿಂದ 1870ರ ವರೆಗೆ ಶೋಧಿಸಿ ರೂಢಿಗೆ ತಂದುದೇ ಆಗಿದೆ. ಪ್ರತಿಯೊಂದು ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಿಸಿ, ಬಳಿಕ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡತಕ್ಕದ್ದು. ಬೀಜಕಣ ಕಂಡಲ್ಲಿ ಅದರ ಮೊಟ್ಟೆಗಳನ್ನು ಸುಟ್ಟುಬಿಡತಕ್ಕದ್ದು. ಹುಳುಗಳು ಒಂದೇ ತಟ್ಟೆಯಲ್ಲಿ ಸಣ್ಣವೂ ದೊಡ್ಡವೂ ಆಗಿ, ಜ್ವರಕ್ಕೆ ಒಟ್ಟಿಗೆ ಕೂರದೆ, ಮೈಮೇಲೆ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ತೋರಿದರೆ, ಆ ಗೂಡನ್ನು ಬಿತ್ತನೆಗೆ ಕೊಡದೆ, ಕೆಲವು ಹುಳುಗಳನ್ನು ಕೂಡಲೇ ಪರೀಕ್ಷೆಗೆ ಕಳುಹಿಸಬೇಕು.