ಚಿಪ್ಪಿನೊಳಗಿನ ಕೊಬ್ಬರಿ: ಕಿರುತೆರೆಯ ಅದ್ಭುತ ಕಥೆಗಳ ಒಳಾರ್ಥ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಮನೆಮಂದಿ ಒಂದೆಡೆ ಕೂಡುವುದು ಬಹುಮಟ್ಟಿಗೆ ದೂರದರ್ಶನ ಪೆಟ್ಟಿಗೆಯ ಮುಂದೆಯೇ. ಅಲ್ಲಿ ಹಾವು ಹೆಣ್ಣಾಗುತ್ತದೆ. ದೇವರು ಮನೆಬಾಗಿಲಿಗೆ ಬರುತ್ತಾನೆ. ಹಿರಿಯರು ಸುಳ್ಳಿನ ಕಂತೆಯೆಂದು ಎದ್ದುಹೋಗುತ್ತಾರೆ. ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡು ನೋಡುತ್ತಾರೆ. ನಂಬಲಾಗದ ಕಥೆಗೆ ನಿಜವಾದ ಕಣ್ಣೀರು ಏಕೆ ಬರುತ್ತದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಉತ್ತರದ ಜಾಡು ನಮ್ಮ ವಚನ ಸಾಹಿತ್ಯದಲ್ಲಿಯೇ ಇದೆ. 12ನೆಯ ಶತಮಾನದ ಶರಣರು, ವಿಶೇಷವಾಗಿ ಅಲ್ಲಮಪ್ರಭುಗಳು, ಬೆಡಗಿನ ವಚನಗಳಲ್ಲಿ ಲೋಕದಲ್ಲಿ ಎಂದೂ ಸಂಭವಿಸದ ಸಂಗತಿಗಳನ್ನು ಹೇಳಿದರು. ಅವು ಹೊರಗೆ ಒಗಟು, ಒಳಗೆ ಅನುಭಾವ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಟ್ಟೆ ಸುಲಿದು ಚಿಪ್ಪು ಒಡೆದಲ್ಲದೆ ಕೊಬ್ಬರಿ ಕೈಗೆ ಬಾರದು. ರೂಪಕವೂ ಹಾಗೆಯೇ.

ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕವನ್ನು ನೋಡೋಣ. ಎ. ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ 1988ರಲ್ಲಿ ಹೊರಬಂದ ಇದನ್ನು 1997ರಲ್ಲಿ ಟಿ. ಎಸ್. ನಾಗಾಭರಣರು ಚಲನಚಿತ್ರವಾಗಿಸಿದರು. ಗಂಡ ಹೆಂಡತಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕುತ್ತಾನೆ. ಇರುಳಿನಲ್ಲಿ ನಾಗವೊಂದು ಅವನದೇ ರೂಪ ತಳೆದು ಬಂದು ಅವಳೊಡನೆ ಪ್ರೀತಿಯಿಂದ ಮಾತನಾಡುತ್ತದೆ. ಚಿಪ್ಪು ಒಡೆದು ನೋಡಿದರೆ ಒಳಗಿರುವುದು, ಹಗಲು ಒಬ್ಬನಾಗಿ ಇರುಳು ಮತ್ತೊಬ್ಬನಾಗಿ ತೋರುವ ಗಂಡನನ್ನು ಅರಿಯಲಾರದ ಹೆಣ್ಣಿನ ಒಂಟಿತನ.

ಜೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ಆರಂಭವಾದ 'ನಾಗಿಣಿ' ಧಾರಾವಾಹಿಯಲ್ಲಿ ಈ ಸೂಕ್ಷ್ಮತೆ ಇರಲಿಲ್ಲ, ಅಬ್ಬರವೇ ಹೆಚ್ಚು. ಆದರೂ ನಿಜರೂಪವನ್ನು ಮರೆಮಾಡಿಕೊಂಡು ಪರರ ನಡುವೆ ಬಾಳುವ ಆ ನಾಗಿಣಿ ಯಾರು? ತವರಿನ ನಡೆನುಡಿ, ಓದು, ಇಷ್ಟಾನಿಷ್ಟಗಳನ್ನೆಲ್ಲ ಬದಿಗಿಟ್ಟು ಅತ್ತೆಮನೆಗೆ ಹೊಂದಿಕೊಳ್ಳುವ ಹೊಸ ಸೊಸೆ ಅವಳಲ್ಲಿ ತನ್ನ ನೆರಳನ್ನು ಕಾಣಬಲ್ಲಳು. ನುಂಗಿಕೊಂಡ ಮಾತೇ ಒಂದು ದಿನ ಹೆಡೆಯೆತ್ತುತ್ತದೆ.

ಗಂಡಸರ ಸಂಕಟಕ್ಕೂ ಇಂಥ ಕನ್ನಡಿ ದೊರೆತಿದೆ. ಅದೇ ವಾಹಿನಿಯಲ್ಲಿ 2023ರಲ್ಲಿ ಆರಂಭವಾದ 'ಭೂಮಿಗೆ ಬಂದ ಭಗವಂತ' ಧಾರಾವಾಹಿಯಲ್ಲಿ, ಸಂಸಾರ ತಾಪತ್ರಯದಲ್ಲಿ ಸಿಲುಕಿದ ಸಾಮಾನ್ಯ ಗೃಹಸ್ಥನಿಗೆ ಶಿವನೇ ಕಾಣಿಸಿಕೊಂಡು ಆಪ್ತನಂತೆ ದಾರಿ ತೋರುತ್ತಾನೆ. ಕೊಬ್ಬರಿಯ ಧಾರಣೆ ಕುಸಿದಾಗ ತಿಪಟೂರಿನ ಮಾರುಕಟ್ಟೆಯಿಂದ ಹಿಂದಿರುಗಿ, ಸಾಲದ ಮಾತನ್ನು ಯಾರಿಗೂ ಹೇಳದೆ ಜಗುಲಿಯಲ್ಲಿ ಕುಳಿತ ಯಜಮಾನರು ನಮ್ಮಲ್ಲಿ ಕಡಿಮೆಯೆ? ಪವಾಡಕ್ಕಿಂತ ಮೊದಲು ಅವರಿಗೆ ಬೇಕಾದುದು ಕಿವಿಗೊಟ್ಟು ಕೇಳುವ ಒಬ್ಬ ಆಪ್ತ.

ಆದರೆ ಚಿಪ್ಪನ್ನೇ ಕೊಬ್ಬರಿಯೆಂದು ಭ್ರಮಿಸಿದರೆ ಅನರ್ಥ ತಪ್ಪದು. ಮಂಕಾಗಿ ಕುಳಿತ ಸೊಸೆಗೆ ಗಾಳಿ ಸೋಕಿದೆಯೆಂದು ಮಂತ್ರವಾದಿಯ ಮುಂದೆ ಕೂರಿಸುವುದು ಭಕ್ತಿಯಲ್ಲ, ಹಿಂಸೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರನ್ನು ಚಿಕಿತ್ಸೆಗೆ ಬಿಡದೆ ಮಂತ್ರ ಹಾಕಿಸುವುದು ಮುಂತಾದವುಗಳನ್ನು ಕರ್ನಾಟಕದ 2017ರ ಕಾಯಿದೆ ಅಪರಾಧವೆಂದು ಸಾರಿದೆ. ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಮನಸ್ಸಿನ ಬೇನೆಗೂ ದೇಹದ ಬೇನೆಗೂ ವೈದ್ಯರೇ ಗತಿ.

ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಧಾರಾವಾಹಿಯನ್ನು ಜರೆಯುವುದೂ ಬೇಡ, ನಂಬುವುದೂ ಬೇಡ. ಅದು ಮುಗಿದ ಮೇಲೆ ಪೆಟ್ಟಿಗೆಯನ್ನು ಆರಿಸಿ, "ಯಾಕವ್ವ, ಅದರಲ್ಲಿ ನಿನಗೇನು ಕಂಡಿತು?" ಎಂದು ಸೊಸೆಯನ್ನು ಒಮ್ಮೆ ಕೇಳಿ. ಅವಳು ಹೇಳುವುದು ಹಾವಿನ ಕಥೆಯಾಗಿರಲಾರದು.